ಸೋರ್ಗ್ ನದಿಗೆ ನೀರು ಎಲ್ಲಿಂದ?

ಮೇಲ್ಗಡೆ ಒಂದು ಹಳ್ಳವೂ ಕಾಣಲ್ಲ, ಆದರೂ ಫ್ರಾನ್ಸಿನ ಸೋರ್ಗ್ ನದಿ ಫೋಂತೆನ್-ದ-ವೋಕ್ಲೂಜ್‌ನಲ್ಲಿ ಹುಟ್ಟುವಾಗಲೇ ಅಷ್ಟು ದೊಡ್ಡದು ಹೇಗೆ, ಅಲ್ಲಿಂದ ನೇರ ರೋನ್ ನದಿಗೆ ಸೇರುತ್ತಾ ಅಂತ ಕೇಳಿದ್ದೀರಿ. ಅದರ ಹಳ್ಳಗಳೆಲ್ಲ ನೆಲದೊಳಗಿವೆ ಸ್ವಾಮಿ. ವಾಂತೂ ಬೆಟ್ಟದಿಂದ ಲ್ಯೂರ್ ಬೆಟ್ಟದವರೆಗೂ ಸುಣ್ಣಕಲ್ಲಿನ ಸೀಮೆ. ಬಿದ್ದ ಮಳೆ, ಕರಗಿದ ಹಿಮ ಬಿರುಕುಗಳಲ್ಲಿ ಇಂಗಿ, ಹೆಚ್ಚಿನದೆಲ್ಲ ಇಲ್ಲೇ ಹೊರಬರುತ್ತೆ. ನೀರು ಹೊರಬರೋದು ಬಾವಿಯಂಥ ಒಂದು ಗುಹೆಯಿಂದ, ಅದರ ಆಳ 308 ಮೀಟರ್. 1985ರಲ್ಲಿ ರೋಬೋಟ್ ಇಳಿಸಿ ತಳ ಮುಟ್ಟಿದರು. ಬೇಸಿಗೆ ಕೊನೆಗೆ ಹೋದರೆ ಗುಹೆಯ ಬಾಯಲ್ಲಿರೋ ಕೊಳ ತಗ್ಗಿರುತ್ತೆ, ನೀರು ಕೆಳಗಿನ ಬಂಡೆಗಳ ಸಂದಿಯಿಂದ ಬರ್ತಿರುತ್ತೆ. ಕೊಳ ತುಂಬಿ ಧುಮುಕೋದು ನೋಡಬೇಕಂದ್ರೆ ವಸಂತದಲ್ಲಿ ಹೋಗಿ.

ರೋನ್‌ಗೆ ನೇರ ಸೇರಲ್ಲ. ಬಯಲಲ್ಲಿ ಕವಲೊಡೆದು, ಬೆದಾರಿದ್ ಬಳಿ ಊವೆಜ್ ನದಿಗೆ ಸೇರಿ, ಅದರ ಮೂಲಕ ತಲುಪುತ್ತೆ.