ಕಾರು ತಗ್ಗಿಸುವ ಮುನ್ನ

ಪ್ರಶ್ನೆ: ಮೇಡಂ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ. 2017ರ ಮಜ್ದಾ ಎಂಎಕ್ಸ್-5 ಕೊಂಡಿದ್ದೇನೆ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ನೋಡಲಾಗುತ್ತಿಲ್ಲ. 50 ಮಿ.ಮೀ. ತಗ್ಗಿಸಿ, 8 ಇಂಚು ಅಗಲದ, 35 ಆಫ್‌ಸೆಟ್‌ನ 17 ಇಂಚಿನ ರಿಮ್ ಹಾಕಿಸುವ ಆಸೆ. ಸ್ಪ್ರಿಂಗ್ ಮಾತ್ರ ಬದಲಿಸಿದರೆ ಸಾಕೆ?

ಉತ್ತರ: 50 ಬೇಡವೇ ಬೇಡ. 25ರಿಂದ 30 ಮಿ.ಮೀ.ಗೆ ನಿಲ್ಲಿಸಿ. ಈ ಪುಟ್ಟ ಕಾರಿನ ಸೊಗಸೆಲ್ಲ ಇರುವುದು ಅದರ ಚಕ್ರಗಳು ಸಲೀಸಾಗಿ ಏರಿಳಿಯುವುದರಲ್ಲಿ. ಅತಿಯಾಗಿ ತಗ್ಗಿಸಿದರೆ ಸಣ್ಣ ಉಬ್ಬಿಗೂ ಬಂಪ್ ಸ್ಟಾಪ್ (ಚಕ್ರದ ಏರಿಕೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ಬಡಿಯುತ್ತದೆ. ತಿರುವಿನಲ್ಲಿ ಹಾಗಾದರೆ ಟೈರಿನ ಹಿಡಿತವೇ ತಪ್ಪುತ್ತದೆ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಳೆಯದಾಗಿದ್ದರೆ ಸ್ಪ್ರಿಂಗ್ ಜೊತೆಗೇ ಬದಲಿಸಿ. ಸೋತ ಡ್ಯಾಂಪರ್ ಗಟ್ಟಿ ಸ್ಪ್ರಿಂಗನ್ನು ಹತೋಟಿಯಲ್ಲಿಡಲಾರದು.

ಜೋಡಿಸುವಾಗ ಒಂದು ಕೆಲಸವನ್ನು ಎದುರಿಗೆ ನಿಂತು ಮಾಡಿಸಿ. ಕಾರು ಲಿಫ್ಟಿನ ಮೇಲೆ ನೇತಾಡುತ್ತಿರುವಾಗ ಸಸ್ಪೆನ್ಷನ್ ತೋಳುಗಳ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ತೋಳಿನ ಕೀಲಿನಲ್ಲಿರುವ ಬುಷ್‌ನ ರಬ್ಬರ್ ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ. ಬಿಗಿದ ಗಳಿಗೆಯಲ್ಲಿ ತೋಳು ಯಾವ ಕೋನದಲ್ಲಿರುತ್ತದೋ ಅದೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿ. ಗಾಳಿಯಲ್ಲಿ ಬಿಗಿದು ನೆಲಕ್ಕಿಳಿಸಿದರೆ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರವೂ ಲೆಕ್ಕಕ್ಕೆ ಸಿಗುವುದಿಲ್ಲ. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ. ಆಮೇಲೆ ಅಲೈನ್‌ಮೆಂಟ್. ತಗ್ಗಿಸಿದಾಗ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲುವ ಕೋನ), ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡೂ ಬದಲಾಗುತ್ತವೆ. ಟೋ ಹಾಗೇ ಬಿಟ್ಟರೆ ಟೈರಿನ ಒಳಅಂಚು ನಿಮ್ಮ ಕಣ್ಣಿಗೆ ಬೀಳದಂತೆ ಸವೆದುಹೋಗುತ್ತದೆ.

ಇನ್ನು ರಿಮ್. ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖದವರೆಗಿನ ದೂರ, ಮಿ.ಮೀ.ಗಳಲ್ಲಿ; ಅದು ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ. ಈಗಿರುವುದು 7 ಇಂಚು ಅಗಲ, 45 ಆಫ್‌ಸೆಟ್ ಎಂದುಕೊಳ್ಳೋಣ. ನಿಮ್ಮ ಆಯ್ಕೆಯಲ್ಲಿ ಅಗಲ ಒಂದು ಇಂಚು ಹೆಚ್ಚಿದ್ದರಿಂದ ಎರಡೂ ಬದಿಗೆ ತಲಾ 12.7 ಮಿ.ಮೀ.; ಆಫ್‌ಸೆಟ್ 10 ಕಡಿಮೆಯಾದ್ದರಿಂದ ಹೊರಕ್ಕೆ ಇನ್ನೂ 10. ಒಟ್ಟು 22.7 ಮಿ.ಮೀ. ಹೊರಚಾಚುತ್ತದೆ, ಒಳಕ್ಕೆ ಬರುವುದು 2.7 ಮಾತ್ರ. ತಗ್ಗಿಸಿದ ಕಾರಿನಲ್ಲಿ ಅದು ಮಡ್‌ಗಾರ್ಡ್ ಅಂಚಿಗೆ ಉಜ್ಜುವ ಅಪಾಯವಿದೆ. ಏಳೂವರೆ ಇಂಚು, 45 ಆಫ್‌ಸೆಟ್ ತೆಗೆದುಕೊಳ್ಳಿ: ಎರಡೂ ಕಡೆ ಸುಮಾರು 6.4 ಮಿ.ಮೀ. ಅಷ್ಟೆ, 205/45 ಟೈರನ್ನೂ ಬದಲಿಸಬೇಕಿಲ್ಲ. ರಿಮ್ಮಿನ ನಡುರಂಧ್ರ ಹಬ್ಬಿನ ಅಳತೆಯಾದ 54.1 ಮಿ.ಮೀ.ಗಿಂತ ದೊಡ್ಡದಿದ್ದರೆ ಸರಿಯಳತೆಯ ರಿಂಗ್ ಹಾಕಿಸಲೇಬೇಕು.

ಸ್ಪ್ರಿಂಗ್, ರಿಮ್ ಎರಡರ ಪ್ರಮಾಣಪತ್ರಗಳನ್ನೂ ಹಿಡಿದು, ಹಣ ಕೊಡುವ ಮೊದಲೇ ಟ್ಯೂಫ್ (ಜರ್ಮನಿಯ ವಾಹನ ತಪಾಸಣಾ ಸಂಸ್ಥೆ) ತಪಾಸಣಾಧಿಕಾರಿಯನ್ನು ಕಾಣಿ. ಬಿಡಿಬಿಡಿಯಾಗಿ ಒಪ್ಪಿಗೆ ಇದ್ದರೂ ಎರಡೂ ಒಟ್ಟಿಗೆ ಸೇರಿದಾಗ ಬೇರೆ ತಪಾಸಣೆ ಬೇಕಾಗಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಸ್ಪೋರ್ಟ್ಸ್ ಕಾರಿಗೂ ಹೀಗೆ ಮಾಡಿಸಬಹುದೆ?

ಉತ್ತರ: ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳನ್ನು ಬದಲಿಸಲು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ರಸ್ತೆಯುಬ್ಬಿನ ಮಾನದಂಡವೇ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬಡಾವಣೆಗಳ ಎಷ್ಟೋ ಉಬ್ಬುಗಳಿಗೆ ಆ ಅಗಲವೂ ಇಲ್ಲ; ತಗ್ಗಿಸಿದ ಕಾರಿನ ತಳ ಉಜ್ಜಬಹುದು. ಆ ಹಣವನ್ನು ಮೂಲ ಅಳತೆಯ ಒಳ್ಳೆಯ ಟೈರು, ಹೊಸ ಡ್ಯಾಂಪರುಗಳಿಗೆ ಹಾಕಿ.