ಗೊತ್ತಿಲ್ಲದ ಫೈಲ್ ಅಳಿಸಬಹುದಾ?

ಪ್ರಶ್ನೆ: ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ ಸರ್, ಸಿ ಡ್ರೈವ್‌ನಲ್ಲಿ ಏನೇನೋ ಹೆಸರಿನ ಫೈಲ್‌ಗಳಿವೆ, ಎಲ್ಲಾ ಡಿಲೀಟ್ ಮಾಡಿಬಿಡ್ಲಾ?

ಉತ್ತರ: ಅಯ್ಯೋ ಬೇಡಿ! ವಿಂಡೋಸ್ ಫೋಲ್ಡರ್‌ಗೆ ಕೈ ಹಾಕ್ಲೇಬೇಡಿ, ಪೇಜ್‌ಫೈಲ್ ಅಂತ ಜಿಬಿಗಟ್ಟಲೆ ಜಾಗ ತಿಂದು ಕೂತಿರೋದೂ ಕಸ ಅಲ್ಲ, ರ‍್ಯಾಮ್ (ಕೆಲಸಕ್ಕೆ ಬಳಸೋ ಮೆಮೊರಿ) ಸಾಲದೇ ಇದ್ದಾಗ ವಿಂಡೋಸ್ ಬಳಸೋದೇ ಅದನ್ನ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ ಅಲ್ಲಿ ತೋರಿಸೋದನ್ನ ತೆಗೀಬಹುದು, ಆದ್ರೆ ಡೌನ್‌ಲೋಡ್ಸ್‌ಗೆ ಟಿಕ್ ಇದ್ರೆ ತೆಗೆದುಬಿಡಿ, ಇಲ್ಲಾಂದ್ರೆ ನೀವು ಇಳಿಸಿಕೊಂಡಿದ್ದೆಲ್ಲಾ ಹೋಗುತ್ತೆ. ಇನ್ನು ಸ್ಪೀಡು, ಡ್ರೈವ್ ತುಂಬಿ ತುಳುಕ್ತಿಲ್ಲ ಅಂದ್ರೆ ಫೈಲ್ ಅಳಿಸಿ ಅಂಥಾ ಲಾಭ ಏನಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ, ಅದರ ಸ್ಟಾರ್ಟಪ್‌ನಲ್ಲಿ ಬೇಡದ ಆಪ್‌ಗಳನ್ನ ಡಿಸೇಬಲ್ ಮಾಡಿ. ಹಳೇ ಹಾರ್ಡ್‌ಡಿಸ್ಕ್ ಇದ್ರೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಡ್ರೈವ್) ಹಾಕಿಸಿ, ಫ್ರೀ ಕ್ಲೀನರ್ ಸಾಫ್ಟ್‌ವೇರ್‌ಗಳ ಸಹವಾಸ ಮಾತ್ರ ಬೇಡ.