ನಿಷೇಧದಿಂದಷ್ಟೇ ಉಳಿದ ಹಾಡಲ್ಲ

ಮಾನ್ಯರೇ,

ಪಂಕ್ ಎಂಬ ಬಂಡಾಯದ ರಾಕ್ ಸಂಗೀತವನ್ನು ಕುರಿತ ನಮ್ಮ ಲೇಖನದಲ್ಲಿ ಬ್ರಿಟನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡದ, ರಾಜಪ್ರಭುತ್ವವನ್ನು ಅಣಕಿಸುವ ‘ಗಾಡ್ ಸೇವ್ ದ ಕ್ವೀನ್’ ಹಾಡಿಗೆ ಕೊಟ್ಟ ಮಹತ್ವವನ್ನು ತಾವು ಆಕ್ಷೇಪಿಸಿದ್ದೀರಿ. ಅದು ಬರೀ ಗದ್ದಲವೆಂದೂ ಬಿಬಿಸಿ ನಿಷೇಧಿಸದೆ ಹೋಗಿದ್ದರೆ ಇಂದು ಯಾರ ನೆನಪಿನಲ್ಲೂ ಇರುತ್ತಿರಲಿಲ್ಲವೆಂದೂ ಬರೆದಿದ್ದೀರಿ.

ನಿಷೇಧದ ಮಾತಿನಲ್ಲಿ ಹುರುಳಿದೆ. 1977ರ ಮಾರ್ಚ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಎದುರು ಆಡಂಬರದಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಎ ಅಂಡ್ ಎಂ ಎಂಬ ಧ್ವನಿಮುದ್ರಿಕೆ ಕಂಪನಿ ಒಂದೇ ವಾರದಲ್ಲಿ ತಂಡವನ್ನು ಕೈಬಿಟ್ಟು, ಅಚ್ಚಾಗಿದ್ದ ಈ ಹಾಡಿನ ಸುಮಾರು 25,000 ಪ್ರತಿಗಳಲ್ಲಿ ಬಹುಪಾಲನ್ನು ನಾಶಪಡಿಸಿತು. ವರ್ಜಿನ್ ಕಂಪನಿ ಮೇ 27ರಂದು ಹಾಡನ್ನು ಬಿಡುಗಡೆ ಮಾಡಿದಾಗ ರಾಣಿ ಎಲಿಜಬೆತ್ ಪಟ್ಟವೇರಿದ ರಜತೋತ್ಸವದ ಸಡಗರಕ್ಕೆ ಕೆಲವೇ ದಿನಗಳಿದ್ದವು. ಬಿಬಿಸಿ ಪ್ರಸಾರ ಮಾಡಲಿಲ್ಲ, ದೊಡ್ಡ ಮಳಿಗೆಗಳು ಮಾರಲಿಲ್ಲ. ಆದರೂ ಅದು ಬ್ರಿಟನ್ನಿನ ಅಧಿಕೃತ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಮೊದಲ ಸ್ಥಾನವನ್ನು ಬೇಕೆಂದೇ ತಪ್ಪಿಸಲಾಯಿತೆಂಬ ಗುಮಾನಿ ಇಂದಿಗೂ ಹೋಗಿಲ್ಲ, ರುಜುವಾತೂ ಆಗಿಲ್ಲ.

ಆದರೆ ಬಿಬಿಸಿ ತಡೆಹಿಡಿದ ಹಾಡುಗಳ ಪಟ್ಟಿ ಉದ್ದವಾಗಿದ್ದು, ಅವುಗಳಲ್ಲಿ ಹೆಚ್ಚಿನವನ್ನು ಇಂದು ಯಾರೂ ಕೇಳುವುದಿಲ್ಲ. ಈ ಹಾಡಿಗೆ ಮೊದಲು ಇಟ್ಟಿದ್ದ ಹೆಸರು ‘ನೋ ಫ್ಯೂಚರ್’ ಎಂಬುದನ್ನು ಗಮನಿಸಬೇಕು. 1976ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿದ್ದ, ಹತ್ತು ಲಕ್ಷಕ್ಕೂ ಮೀರಿ ನಿರುದ್ಯೋಗಿಗಳಿದ್ದ ದೇಶದಲ್ಲಿ, ತಮ್ಮ ನಾಳೆಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ತಿಳಿದ ಹುಡುಗರಿಗೆ ಬೀದಿಬೀದಿಯ ಉತ್ಸವ ಹೇಗೆ ಕಂಡಿತೆಂಬುದನ್ನು ಅದು ಹೇಳುತ್ತದೆ. ಗದ್ದಲವೆಂಬ ಮಾತನ್ನಂತೂ ಒಪ್ಪಲಾರೆ. ಬೀಟಲ್ಸ್‌ನ ‘ವೈಟ್ ಆಲ್ಬಮ್’ ಧ್ವನಿಮುದ್ರಣದಲ್ಲೂ ದುಡಿದಿದ್ದ ಕ್ರಿಸ್ ಥಾಮಸ್ ಇದರ ನಿರ್ಮಾಪಕರು. ತಂಡದ ಸ್ಟೀವ್ ಜೋನ್ಸ್ ಅವರ ಗಿಟಾರನ್ನು ಪದರದ ಮೇಲೆ ಪದರವಾಗಿ ಮುದ್ರಿಸಿ ಅವರು ಕಟ್ಟಿದ ನಾದ ಬಹಳ ಎಚ್ಚರದ ಕೆಲಸ. ಗಾಯಕ ಜಾನಿ ರಾಟನ್ ಅವರ ಕರ್ಕಶ ಕಂಠದ ಹಿಂದೆ ಅದು ಕಿವಿಗೆ ತಟ್ಟನೆ ಬೀಳುವುದಿಲ್ಲ, ಅಷ್ಟೇ.

ಹಾಡಿಗಿಂತಲೂ ದೂರ ಹೋದದ್ದು ಬಹುಶಃ ಅದರ ಧ್ವನಿಮುದ್ರಿಕೆಯ ಹೊದಿಕೆ. ರಾಣಿಯ ಭಾವಚಿತ್ರದ ಕಣ್ಣು, ಬಾಯಿಗಳನ್ನು ಮುಚ್ಚಿ, ಪತ್ರಿಕೆಗಳಿಂದ ಕತ್ತರಿಸಿದಂಥ ಅಕ್ಷರಗಳನ್ನು ಕಲಾವಿದ ಜೇಮಿ ರೀಡ್ ಅಲ್ಲಿ ಜೋಡಿಸಿದರು. ಕತ್ತರಿ, ಅಂಟು, ಹಳೆಯ ಪತ್ರಿಕೆಗಳಿದ್ದರೆ ಯಾರು ಬೇಕಾದರೂ ಮಾಡಬಹುದಾದ ಈ ಶೈಲಿ ಪಂಕ್ ಕಿರುಪತ್ರಿಕೆಗಳ, ಪ್ರತಿಭಟನೆಯ ಭಿತ್ತಿಪತ್ರಗಳ ರೂಢಿಯ ರೂಪವಾಯಿತು. ಜಾಹೀರಾತಿನವರೂ ಅದನ್ನು ಬಿಡಲಿಲ್ಲ.

2022ರಲ್ಲಿ, ಅದೇ ರಾಣಿಯ ಆಳ್ವಿಕೆಯ ಎಪ್ಪತ್ತನೆಯ ವರ್ಷದ ಉತ್ಸವದ ಹೊತ್ತಿಗೆ, ಈ ಹಾಡನ್ನು ಮತ್ತೆ ಬಿಡುಗಡೆ ಮಾಡಿದ್ದನ್ನು ಬಂಡಾಯ ಮಾರಾಟವಾಯಿತೆಂಬುದಕ್ಕೆ ಸಾಕ್ಷಿಯಾಗಿ ತಾವು ಎತ್ತಿದ್ದೀರಿ. ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಆದರೆ ಈ ತಂಡ ರೂಪುಗೊಂಡದ್ದೇ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್ ಮತ್ತು ವಸ್ತ್ರವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ನಡೆಸುತ್ತಿದ್ದ ಬಟ್ಟೆ ಅಂಗಡಿಯ ಸುತ್ತ. ಆ ಸಿಟ್ಟಿಗೂ ಗಲ್ಲಾಪೆಟ್ಟಿಗೆಗೂ ಮೊದಲ ದಿನದಿಂದಲೇ ನಂಟಿತ್ತು. 1977ರಲ್ಲಿ ಹಾಡಿನ ಪ್ರತಿಯನ್ನು ಕೊಂಡ ಹುಡುಗರಿಗೂ ಅದು ತಿಳಿಯದ ಸಂಗತಿಯಾಗಿರಲಿಲ್ಲ.

– ಸಂಪಾದಕ